ಅಪ್ಪನ ಪಟ್ಟು ಸಡಿಲಿತು, ನಿದ್ದೆಯೂ ಹೋಯಿತು

ಪ್ರಶ್ನೆ: ಅಪ್ಪ ನಿವೃತ್ತ ಸರ್ಕಾರಿ ನೌಕರರು, ಲಂಚ ಮುಟ್ಟಿದವರಲ್ಲ. ಸೊಸೈಟಿ ದುಡ್ಡು ಬಳಸಿಕೊಂಡು ಸಿಕ್ಕಿಬಿದ್ದ ನನ್ನ ತಮ್ಮನನ್ನು ಮನೆಗೆ ಸೇರಿಸಲಿಲ್ಲ. ಅವನು ಹಣ ಪೂರ್ತಿ ಕಟ್ಟಿದ ಮೇಲೂ ಮಾತಾಡಿಸಲಿಲ್ಲ. ಈಚೆಗೆ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದಾಗ ಓಡಿಬಂದು, ಆಸ್ಪತ್ರೆಯಲ್ಲಿ ಹಗಲೂ ರಾತ್ರಿ ನೋಡಿಕೊಂಡವನು ಅವನೇ. ಆಮೇಲಿಂದ ಅಪ್ಪ ಮಂಕಾಗಿದ್ದಾರೆ, ನಿದ್ದೆ ಮಾಡುವುದಿಲ್ಲ. ‘ನಾನು ಬದುಕಿದ್ದೇ ತಪ್ಪಾ?’ ಅಂತಾರೆ. ತಮ್ಮನ ಹತ್ತಿರ ಕ್ಷಮೆ ಕೇಳಿಸಿದರೆ ಸರಿಹೋಗುತ್ತದೆಯೇ?
– ಹೆಸರು ಬೇಡ, ಹಾಸನ

ಉತ್ತರ: ಈಗ ಕ್ಷಮೆ ಕೇಳಿಸಲು ಹೋಗಬೇಡಿ. ನಿಮ್ಮ ಪತ್ರ ಓದುವಾಗ ವಿಕ್ಟರ್ ಹ್ಯೂಗೊ 1862ರಲ್ಲಿ ಪ್ರಕಟಿಸಿದ ‘ಲೆ ಮಿಸೆರಾಬ್ಲ್’ ಕಾದಂಬರಿಯ ಪೊಲೀಸ್ ಅಧಿಕಾರಿ ಜಾವೇರ್ ಕಣ್ಮುಂದೆ ಬಂದ. ಸೆರೆಮನೆಯಲ್ಲೇ ಹುಟ್ಟಿದವನು, ಕಾನೂನು ಬಿಟ್ಟರೆ ಬೇರೆ ಆಸರೆ ಕಾಣದವನು. ರೊಟ್ಟಿ ಕದ್ದು ಜೈಲು ಸೇರಿದ ವಾಲ್‌ಜಾನ್‌ನ ಬೆನ್ನು ಬಿಡದವನು. 1832ರ ಪ್ಯಾರಿಸ್ ದಂಗೆಯಲ್ಲಿ ಜಾವೇರ್ ಬಂಡಾಯಗಾರರ ಸೆರೆಯಾದಾಗ, ಅವನನ್ನು ಕೊಲ್ಲುವ ಹೊಣೆ ತಾನೇ ಕೇಳಿ ಪಡೆದ ವಾಲ್‌ಜಾನ್ ಕಟ್ಟು ಕೊಯ್ದು ಬಿಟ್ಟುಬಿಡುತ್ತಾನೆ. ಮುಂದೆ ವಾಲ್‌ಜಾನ್ ಕೈಗೆ ಸಿಕ್ಕರೂ ಜಾವೇರ್‌ಗೆ ಹಿಡಿದೊಯ್ಯಲು ಮನಸ್ಸು ಬರುವುದಿಲ್ಲ.

ಓದಿದವರಿಗೆಲ್ಲ ನೆನಪಿರುವುದು ಅವನು ಸೇನ್ ನದಿಗೆ ಹಾರಿದ್ದು. ಅದಕ್ಕೆ ಮುಂಚೆ ಅವನೊಂದು ಠಾಣೆಗೆ ಹೋಗಿ, ಇಲಾಖೆಯ ಒಳಿತಿಗೆಂದು 10 ಅಂಶಗಳ ಟಿಪ್ಪಣಿ ಬರೆದಿಡುತ್ತಾನೆ. ವಿಚಾರಣೆಯಿಂದ ಬಂದ ಕೈದಿಗಳನ್ನು ಶೋಧಿಸುವಾಗ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ನಿಲ್ಲಿಸುತ್ತಾರೆ, ಎಷ್ಟೋ ಜನರಿಗೆ ಕೆಮ್ಮು ಹತ್ತುತ್ತದೆ ಎಂದು ಬರೆಯುತ್ತಾನೆ. ನೇಯುವ ಕೈದಿಯ ನೂಲು ತುಂಡಾದರೆ ಕೂಲಿ ಕಡಿಯುವುದು ಅನ್ಯಾಯ, ಅದರಿಂದ ಬಟ್ಟೆಯೇನೂ ಕೆಡುವುದಿಲ್ಲ ಎಂದೂ ಬರೆಯುತ್ತಾನೆ. ಆ ಪುಟ ನನ್ನನ್ನು ಇಂದಿಗೂ ಕಲಕುತ್ತದೆ. ಅದೇ ಶಿಸ್ತು, ಅದೇ ಕಚೇರಿ ಭಾಷೆ. ಆದರೆ ಕೈದಿಯ ಕಾಲು ಕಣ್ಣಿಗೆ ಬಿದ್ದಿದೆ. ಆ ಶಿಸ್ತಿನಿಂದಲೇ ಅವನು ಎಷ್ಟೋ ಜನರಿಗೆ ಒದಗಬಹುದಿತ್ತು. ಒಂದು ಕಡೆ ತಪ್ಪಿದರೆ ಬಾಳೆಲ್ಲ ತಪ್ಪು ಎಂದು ನಂಬಿದ್ದ, ಹಾಗಲ್ಲ ಎನ್ನಲು ಹತ್ತಿರ ಯಾರೂ ಇರಲಿಲ್ಲ.

ನಿಮ್ಮ ಅಪ್ಪನಿಗೆ ನೀವಿದ್ದೀರಿ. ‘ನಿಮ್ಮ ಪ್ರಾಮಾಣಿಕತೆ ತಪ್ಪಲ್ಲ ಅಪ್ಪ, ನಾವು ತಲೆಯೆತ್ತಿ ಓಡಾಡಿದ್ದೇ ಅದರಿಂದ. ಅವನು ದುಡ್ಡು ಕಟ್ಟಿದ ಮೇಲೂ ಬಾಗಿಲು ತೆಗೆಯಲಿಲ್ಲ, ಅದೊಂದು ತಪ್ಪು’ ಎಂದು ಬಿಡಿಸಿ ಹೇಳಿ. ‘ಈಗಲಾದರೂ ಬುದ್ಧಿ ಬಂತಲ್ಲ’ ಎಂದು ನೆಂಟರು ಚುಚ್ಚದಂತೆ ನೋಡಿಕೊಳ್ಳಿ. ಆಸ್ಪತ್ರೆಯ ಬಿಲ್ಲು, ರಸೀದಿಗಳನ್ನು ಅಪ್ಪ, ತಮ್ಮ ಇಬ್ಬರೂ ಕೂತು ಜೋಡಿಸಲಿ. ಕಾಗದಪತ್ರ ಅಪ್ಪನಿಗೆ ಗೊತ್ತಿರುವ ಲೋಕ, ಮಾತು ಅಲ್ಲಿಂದ ಶುರುವಾಗಲಿ.

ನಿದ್ದೆಯ ವಿಷಯವನ್ನು ಮಾತ್ರ ಮುಂದೂಡಬೇಡಿ, ಈ ವಾರವೇ ವೈದ್ಯರಿಗೆ ತೋರಿಸಿ. ‘ಬದುಕು ಸಾಕು ಅನ್ನಿಸುತ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬರನ್ನೇ ಬಿಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.