ಆಗಸ್ಟ್ ತಂಡವನ್ನು ನಂಬಿ: ಲೆಸ್ಟರ್‌ಶೈರ್ ಅಭಿಮಾನಿಯ ಏಳು ಪಾಠಗಳು

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನೆಲೆಸಿರುವ ನನಗೆ ಲೆಸ್ಟರ್‌ಶೈರ್ ಕೌಂಟಿಯೇ ಊರಿನ ಕ್ರಿಕೆಟ್ ತಂಡ. ಹದಿನೆಂಟು ಕೌಂಟಿಗಳ ನಡುವೆ ದುಡ್ಡಿನಲ್ಲಿ ನಾವು ಸಣ್ಣವರು. ಕೌಂಟಿ ಚಾಂಪಿಯನ್‌ಷಿಪ್‌ನಲ್ಲಿ 2013, 2014 ಮತ್ತು 2022ರಲ್ಲಿ ಒಂದೇ ಒಂದು ಪಂದ್ಯವನ್ನೂ ಗೆಲ್ಲದೆ ಸೀಸನ್ ಮುಗಿಸಿದ್ದೆವು. ಅಂಥ ತಂಡ 2023ರಲ್ಲಿ 50 ಓವರ್‌ಗಳ ಒನ್ ಡೇ ಕಪ್ ಎತ್ತಿತು. 2025ರಲ್ಲಿ ಚಾಂಪಿಯನ್‌ಷಿಪ್‌ನ ಎರಡನೇ ಡಿವಿಷನ್ ಗೆದ್ದು, 2003ರ ನಂತರ ಮೊದಲ ಸಲ ಮೇಲಿನ ಡಿವಿಷನ್‌ಗೆ ಏರಿತು. ಈ ಎರಡು ಗೆಲುವುಗಳಿಗೂ ನಂಟಿದೆ ಎಂಬುದು ನನ್ನ ಗಟ್ಟಿ ನಂಬಿಕೆ. ಒಂದು ಕೌಂಟಿಯ ನಿಜವಾದ ಕಸುವು ಗೊತ್ತಾಗುವುದು ಆಗಸ್ಟ್ ತಿಂಗಳ ಒನ್ ಡೇ ಪಂದ್ಯಗಳಲ್ಲಿ. ಗ್ರೇಸ್ ರೋಡ್ ಮೈದಾನದಲ್ಲಿ ಕೂತು ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1. ಇಲ್ಲದವರನ್ನು ಎಣಿಸುತ್ತಾ ಕೂರಬೇಡಿ

2021ರಲ್ಲಿ ‘ದಿ ಹಂಡ್ರೆಡ್’ ಶುರುವಾಯಿತು. ನಗರಗಳನ್ನು ನೆಲೆಯಾಗಿಸಿಕೊಂಡ ಎಂಟು ತಂಡಗಳು, ಇನಿಂಗ್ಸ್‌ಗೆ ನೂರು ಎಸೆತ, ಟಿ.ವಿ.ಯ ದೊಡ್ಡ ದುಡ್ಡು. ಅದು ನಡೆಯುವುದು ಹೆಚ್ಚಾಗಿ ಆಗಸ್ಟ್‌ನಲ್ಲಿ, ಒನ್ ಡೇ ಕಪ್ ನಡೆಯುವುದೂ ಆಗಲೇ. ಹಾಗಾಗಿ ಪ್ರತಿ ಕೌಂಟಿಯ ಹೆಸರಾಂತ ಆಟಗಾರರು ಅತ್ತ ಹೋಗುತ್ತಾರೆ. ಉಳಿದವರು ನಮ್ಮ ತಂಡ.

ಈ ಕಾರಣಕ್ಕೆ ಹಲವರು ಒನ್ ಡೇ ಕಪ್ ಅನ್ನು ಎರಡನೇ ದರ್ಜೆಯ ಟೂರ್ನಿ ಎಂದು ತಳ್ಳಿಹಾಕುತ್ತಾರೆ. ನಾನು ಒಪ್ಪುವುದಿಲ್ಲ. ದೊಡ್ಡ ಕೌಂಟಿಗಳಿಂದ ಹೆಚ್ಚು ಜನ ಹೋಗುತ್ತಾರೆ, ಸಣ್ಣ ಕೌಂಟಿಗಳಿಂದ ಕಡಿಮೆ. ಹಾಗಾಗಿ ಪೈಪೋಟಿ ಸಮಬಲದ್ದಾಗುತ್ತದೆ. 2021ರಲ್ಲಿ ಗ್ಲಾಮರ್ಗನ್, 2022ರಲ್ಲಿ ಕೆಂಟ್, 2023ರಲ್ಲಿ ನಾವು, 2024ರಲ್ಲಿ ಮತ್ತೆ ಗ್ಲಾಮರ್ಗನ್, 2025ರಲ್ಲಿ ವುಸ್ಟರ್‌ಶೈರ್. ಹಂಡ್ರೆಡ್ ಬಂದ ಮೇಲೆ ಕಪ್ ಗೆದ್ದ ಈ ನಾಲ್ಕು ಕೌಂಟಿಗಳಲ್ಲಿ ಒಂದರ ಮೈದಾನವೂ ಸದ್ಯ ಟೆಸ್ಟ್ ಕೇಂದ್ರವಾಗಿ ನಿಯಮಿತವಾಗಿ ಪಂದ್ಯ ಪಡೆಯುತ್ತಿಲ್ಲ. ತಮ್ಮ ಅಕಾಡೆಮಿಯನ್ನೂ ಎರಡನೇ ಇಲೆವೆನ್ ಅನ್ನೂ ಚೆನ್ನಾಗಿ ಬೆಳೆಸಿಕೊಂಡವರಿಗೆ ಆಗಸ್ಟ್ ಫಲ ಕೊಡುತ್ತದೆ.

2. ಕೂತಿರುವ ಜಾಗದ ಚರಿತ್ರೆ ತಿಳಿದುಕೊಳ್ಳಿ

ಒನ್ ಡೇ ಕ್ರಿಕೆಟ್ ಎಂದರೆ ಭಾರತದವರಿಗೆ 1975ರ ಮೊದಲ ವಿಶ್ವಕಪ್, ಇಲ್ಲವೇ 1983ರಲ್ಲಿ ಲಾರ್ಡ್ಸ್‌ನಲ್ಲಿ ಗೆದ್ದ ವಿಶ್ವಕಪ್ ನೆನಪಾಗುತ್ತದೆ. ಇಂಗ್ಲೆಂಡಿನವರು 1963ರ ಜಿಲೆಟ್ ಕಪ್ ಎನ್ನುತ್ತಾರೆ. ಅದಕ್ಕೂ ಒಂದು ವರ್ಷ ಮೊದಲು, 1962ರ ಮೇ ತಿಂಗಳಲ್ಲಿ, ಲೆಸ್ಟರ್‌ಶೈರ್‌ನ ಕಾರ್ಯದರ್ಶಿ ಮೈಕ್ ಟರ್ನರ್ ಪಕ್ಕದ ಡರ್ಬಿಶೈರ್, ನಾರ್ಥಾಂಪ್ಟನ್‌ಶೈರ್, ನಾಟಿಂಗ್‌ಹ್ಯಾಮ್‌ಶೈರ್ ಕೌಂಟಿಗಳನ್ನು ಸೇರಿಸಿಕೊಂಡು ಒಂದು ಪುಟ್ಟ ನಾಕೌಟ್ ಟೂರ್ನಿ ನಡೆಸಿದರು. ಒಂದು ದಿನದಲ್ಲಿ ಮುಗಿಯುವ ಪಂದ್ಯ, ಒಂದು ಇನಿಂಗ್ಸ್‌ಗೆ 65 ಓವರ್, ಒಬ್ಬ ಬೌಲರ್‌ಗೆ ಹೆಚ್ಚೆಂದರೆ 15. ಗ್ರೇಸ್ ರೋಡಿನಲ್ಲಿ ಲೆಸ್ಟರ್‌ಶೈರ್ ಡರ್ಬಿಶೈರನ್ನು 7 ರನ್‌ಗಳಿಂದ ಸೋಲಿಸಿತು. ಫೈನಲ್ ಕೂಡ ಅಲ್ಲೇ ನಡೆಯಿತು, ನಾರ್ಥಾಂಪ್ಟನ್‌ಶೈರ್ ಗೆದ್ದಿತು.

ಹತ್ತು ವರ್ಷದ ಮೇಲೆ, 1972ರಲ್ಲಿ, ರೇ ಇಲಿಂಗ್‌ವರ್ತ್ ನಾಯಕತ್ವದಲ್ಲಿ ಮೊದಲ ಬೆನ್ಸನ್ ಅಂಡ್ ಹೆಜಸ್ ಕಪ್ ಗೆದ್ದೆವು. ಫೈನಲ್‌ನಲ್ಲಿ ಎದುರಿಗಿದ್ದದ್ದು ಅವರದೇ ಹಳೆಯ ಕೌಂಟಿ ಯಾರ್ಕ್‌ಶೈರ್. ಇದು ಗೊತ್ತಿದ್ದರೆ ಒನ್ ಡೇ ಕಪ್ ಯಾರೋ ಬಿಟ್ಟುಕೊಟ್ಟ ಉಳಿಕೆಯಂತೆ ಕಾಣುವುದಿಲ್ಲ. ಈ ಆಟ ಹುಟ್ಟಿದ್ದೇ ನಮ್ಮ ಅಂಗಳದಲ್ಲಿ.

3. ಪಾಯಿಂಟ್ಸ್ ಪಟ್ಟಿಯನ್ನು ಮೊದಲ ದಿನದಿಂದಲೇ ಓದಿ

ಒನ್ ಡೇ ಕಪ್‌ನಲ್ಲಿ ಒಂಬತ್ತು ಕೌಂಟಿಗಳ ಎರಡು ಗುಂಪು, ಪ್ರತಿಯೊಬ್ಬರಿಗೂ ಎಂಟೇ ಪಂದ್ಯ. ಗುಂಪಿನಲ್ಲಿ ಮೊದಲ ಸ್ಥಾನ ಪಡೆದವರು ನೇರವಾಗಿ ಸೆಮಿಫೈನಲ್‌ಗೆ, ಅದೂ ತಮ್ಮದೇ ಮೈದಾನದಲ್ಲಿ. ಎರಡು ಮತ್ತು ಮೂರನೇ ಸ್ಥಾನದವರು ಕ್ವಾರ್ಟರ್‌ಫೈನಲ್ ಆಡಬೇಕು. ಮೊದಲ ವಾರದಲ್ಲಿ ಎರಡು ಪಂದ್ಯ ಸೋತರೆ ಉಳಿದ ಮೂರು ವಾರವೂ ಲೆಕ್ಕಾಚಾರದಲ್ಲೇ ಕಳೆಯುತ್ತದೆ. ನಡುವೆ ಮಳೆ ಬಂದು ಪಾಯಿಂಟ್ ಹಂಚಿಹೋದರೆ ಇನ್ನೂ ಕಷ್ಟ.

2023ರಲ್ಲಿ ನಾವು ಗುಂಪಿನ ಅಗ್ರಸ್ಥಾನ ಪಡೆದೆವು. ಗ್ಲಾಸ್ಟರ್‌ಶೈರ್ ವಿರುದ್ಧದ ಸೆಮಿಫೈನಲ್ ಗ್ರೇಸ್ ರೋಡಿಗೇ ಬಂತು. ಆಗಸ್ಟ್ ಮೊದಲ ವಾರದ ಖಾಲಿ ಸ್ಟ್ಯಾಂಡ್‌ಗಳ ಮುಂದೆ ಪಡೆದ ಗೆಲುವುಗಳು ತಿಂಗಳ ಕೊನೆಗೆ ಹೀಗೆ ಕೈಹಿಡಿಯುತ್ತವೆ.

4. ನಡುವಿನ ಓವರ್‌ಗಳಲ್ಲಿ ಎದ್ದು ಹೋಗಬೇಡಿ

ಮೊದಲ ಹತ್ತು ಓವರ್ ಎಲ್ಲರೂ ನೋಡುತ್ತಾರೆ, ಕೊನೆಯ ಹತ್ತನ್ನೂ ನೋಡುತ್ತಾರೆ. 11ರಿಂದ 40ರವರೆಗೆ ಚಹಾಕ್ಕೆ, ಹರಟೆಗೆ ಹೋಗುತ್ತಾರೆ. ಪಂದ್ಯದ ಹಣೆಬರಹ ಬರೆಯುವುದು ಆಗಲೇ. ಸರ್ಕಲ್ ಹೊರಗೆ ನಾಲ್ವರೇ ಫೀಲ್ಡರ್‌ಗಳು. ಸ್ಪಿನ್ನರ್ ಒಬ್ಬ ನಾಲ್ಕು ಓವರ್‌ಗೆ ಹನ್ನೆರಡು ರನ್ ಕೊಟ್ಟರೆ ಇನ್ನೊಂದು ತುದಿಯಲ್ಲಿ ವಿಕೆಟ್ ಬೀಳುತ್ತದೆ.

ಗ್ರೇಸ್ ರೋಡಿನಲ್ಲಿ ‘ದಿ ಮೀಟ್’ ಎಂಬ ಕಟ್ಟಡದ ಹತ್ತಿರ ಕೂರುವ ಹಳೆಯ ಸದಸ್ಯರನ್ನು ನೋಡಿ ಇದನ್ನು ಕಲಿತೆ. ಮಡಿಲಲ್ಲಿ ಸ್ಕೋರ್ ಪುಸ್ತಕ, ಕೈಯಲ್ಲಿ ಮೊನೆ ಚೂಪಾದ ಪೆನ್ಸಿಲ್. ರನ್ ಬಾರದ ಪ್ರತಿ ಎಸೆತಕ್ಕೂ ಬೌಲರ್‌ನ ಚೌಕದಲ್ಲಿ ಒಂದು ಚುಕ್ಕಿ, ಮೇಲೆ ಮೂರು, ಕೆಳಗೆ ಮೂರು. ಆರೂ ಚುಕ್ಕಿಯಾದರೆ ಅವನ್ನು ಗೆರೆಯಿಂದ ಕೂಡಿಸಿ ಮೇಡನ್ ಓವರ್ ಎಂದು ಗುರುತು ಹಾಕುತ್ತಾರೆ. ಚುಕ್ಕಿಗಳು ಸಾಲುಗಟ್ಟತೊಡಗಿದರೆ ಬ್ಯಾಟ್ಸ್‌ಮನ್ ಒತ್ತಡದಲ್ಲಿದ್ದಾನೆಂದು ಸ್ಕೋರ್‌ಬೋರ್ಡ್‌ಗಿಂತ ಮೊದಲೇ ಅವರಿಗೆ ತಿಳಿಯುತ್ತದೆ. ಈಗ ನಾನೂ ಪುಸ್ತಕ ಹಿಡಿದೇ ಹೋಗುತ್ತೇನೆ. ಪ್ರತಿ ಎಸೆತವನ್ನೂ ಬರೆದುಕೊಂಡವನಿಗೆ ಆಟ ಬೇರೆಯೇ ಆಗಿ ಕಾಣುತ್ತದೆ.

5. ಆರು ವಿಕೆಟ್ ಹೋದ ಮೇಲೂ ಪಂದ್ಯ ಬಾಕಿ ಇರುತ್ತದೆ

2023ರ ಸೆಪ್ಟೆಂಬರ್ 16, ನಾಟಿಂಗ್‌ಹ್ಯಾಮ್‌ನ ಟ್ರೆಂಟ್ ಬ್ರಿಜ್. ಒನ್ ಡೇ ಕಪ್ ಫೈನಲ್, ಎದುರಾಳಿ ಹ್ಯಾಂಪ್‌ಶೈರ್. ಸೆಮಿಫೈನಲ್ ಆಗಿ ಎರಡು ವಾರಕ್ಕೂ ಹೆಚ್ಚು ಕಳೆದಿತ್ತು. ವಿಕೆಟ್ ಕೀಪರ್ ಪೀಟರ್ ಹ್ಯಾಂಡ್ಸ್‌ಕೊಂಬ್ ಅಷ್ಟರಲ್ಲಿ ಆಸ್ಟ್ರೇಲಿಯಕ್ಕೆ ಮರಳಿದ್ದರಿಂದ ಹ್ಯಾರಿ ಸ್ವಿಂಡೆಲ್ಸ್‌ಗೆ ಕೀಪಿಂಗ್ ಅವಕಾಶ ಸಿಕ್ಕಿತು. ಮೊದಲು ಬ್ಯಾಟ್ ಮಾಡಿದ ನಮ್ಮ ಸ್ಕೋರ್ 89 ರನ್ನಿಗೆ 6 ವಿಕೆಟ್.

ಅಲ್ಲಿಂದ ಸ್ವಿಂಡೆಲ್ಸ್ ಮತ್ತು ಸ್ಯಾಮ್ ಇವಾನ್ಸ್ ಏಳನೇ ವಿಕೆಟ್‌ಗೆ 151 ರನ್ ಸೇರಿಸಿದರು. ಇವಾನ್ಸ್ 60, ಸ್ವಿಂಡೆಲ್ಸ್ ಔಟಾಗದೆ 117, ತಂಡ 7ಕ್ಕೆ 267. ಆ ಜೊತೆಯಾಟದ ಸೊಗಸು ಅದರ ತಾಳ್ಮೆಯಲ್ಲಿತ್ತು. ಮೊದಮೊದಲು ಒಂದೊಂದು ರನ್, ಸ್ಟ್ರೈಕ್ ಬದಲಾವಣೆ, ಕೆಟ್ಟ ಚೆಂಡಿಗೆ ಮಾತ್ರ ದೊಡ್ಡ ಹೊಡೆತ. 20 ಓವರ್‌ಗಳ ಪಂದ್ಯದಲ್ಲಿ ಹೀಗೆ ಕಟ್ಟಲು ಹೊತ್ತೇ ಇರುವುದಿಲ್ಲ. 50 ಓವರ್‌ಗಳ ಆಟ ಉಳಿಯಬೇಕು ಎಂದು ನಾನು ವಾದಿಸುವುದು ಇದಕ್ಕೇ. ಬಿದ್ದವರಿಗೆ ಎದ್ದು ನಿಲ್ಲಲು ಅದರಲ್ಲಿ ಜಾಗವಿದೆ.

6. ಹುಡುಗರ ಕೈಗೆ ಕೊನೆಯ ಓವರ್ ಕೊಡಲು ಬಿಡಿ

ಅದೇ ಫೈನಲ್‌ನಲ್ಲಿ ಹ್ಯಾಂಪ್‌ಶೈರ್‌ಗೆ ಕೊನೆಯ ಓವರ್‌ನಲ್ಲಿ ಬೇಕಿದ್ದದ್ದು 8 ರನ್. ನಾಯಕ ಲೂಯಿಸ್ ಹಿಲ್ ಚೆಂಡು ಕೊಟ್ಟದ್ದು 19 ವರ್ಷದ, ಆರಡಿ ಏಳಿಂಚು ಎತ್ತರದ ಎಡಗೈ ವೇಗಿ ಜಾಶ್ ಹಲ್ ಕೈಗೆ. ಹಲ್ ಕೊಟ್ಟದ್ದು ಐದೇ ರನ್. ನಾವು 2 ರನ್‌ಗಳಿಂದ ಗೆದ್ದೆವು. 1985ರ ಬೆನ್ಸನ್ ಅಂಡ್ ಹೆಜಸ್ ಕಪ್ ನಂತರ ಈ ಬಗೆಯ ಕ್ರಿಕೆಟ್‌ನಲ್ಲಿ ನಮಗೆ ಸಿಕ್ಕ ಮೊದಲ ಟ್ರೋಫಿ ಅದು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಓವಲ್ ಮೈದಾನದಲ್ಲಿ ಶ್ರೀಲಂಕಾ ವಿರುದ್ಧ ಹಲ್ ಇಂಗ್ಲೆಂಡಿನ ಟೆಸ್ಟ್ ಟೋಪಿ ಧರಿಸಿದರು.

ಅಭಿಮಾನಿಗಳಾದ ನಮ್ಮ ಹೊಣೆಯೂ ಇಲ್ಲಿದೆ. ಹತ್ತೊಂಬತ್ತರ ಹುಡುಗ ವೈಡ್ ಹಾಕಿದಾಗ, ಕ್ಯಾಚ್ ಬಿಟ್ಟಾಗ ನರಳುವ ಸದ್ದು ಅವನ ಕಿವಿಗೆ ಬೀಳುತ್ತದೆ. ಸಾವಿರ ಜನರಿರುವ ಮೈದಾನದಲ್ಲಿ ಎಲ್ಲವೂ ಕೇಳಿಸುತ್ತದೆ. ಬೌಂಡರಿ ಗೆರೆಯ ಬಳಿ ಬಂದಾಗ ಚಪ್ಪಾಳೆ ತಟ್ಟಿ, ಹೆಸರು ಹಿಡಿದು ಹುರಿದುಂಬಿಸಿ. ಅದೂ ಅವನಿಗೆ ಕೇಳಿಸುತ್ತದೆ.

7. ಬಂದವರನ್ನು ನಮ್ಮವರೆನ್ನಿ, ಕ್ಲಬ್ಬಿಗೆ ನೀವೂ ನಮ್ಮವರಾಗಿ

ನಮ್ಮ ಅನಿಲ್ ಕುಂಬ್ಳೆ 2000ದಲ್ಲಿ, ಜಾವಗಲ್ ಶ್ರೀನಾಥ್ 2002ರಲ್ಲಿ ಲೆಸ್ಟರ್‌ಶೈರ್‌ಗೆ ಆಡಿದವರು. 2024ರ ಒನ್ ಡೇ ಕಪ್‌ಗೆ ಅಜಿಂಕ್ಯ ರಹಾನೆ ಬಂದರು. ಹೊರಗಿನ ಆಟಗಾರನ ಬೆಲೆಯನ್ನು ಬರೀ ಅವನ ರನ್ನು, ವಿಕೆಟ್ಟುಗಳಲ್ಲಿ ಅಳೆಯಬೇಡಿ. ನೆಟ್ಸ್‌ನಲ್ಲಿ ಅವನ ಪಕ್ಕ ನಿಂತ ಹುಡುಗ ಏನು ಕಲಿತ ಎಂಬುದು ಎರಡು ವರ್ಷದ ಮೇಲೆ ಗೊತ್ತಾಗುತ್ತದೆ. ಹ್ಯಾಂಡ್ಸ್‌ಕೊಂಬ್ ಅಂತೂ 2025ರಲ್ಲಿ ನಾಯಕನಾಗಿ ತಂಡವನ್ನು ಮೇಲಿನ ಡಿವಿಷನ್‌ಗೆ ಒಯ್ದರು. 2023ರ ಆಗಸ್ಟ್ ತಂಡದ ರಿಷಿ ಪಟೇಲ್, ಲೂಯಿಸ್ ಹಿಲ್ ಅಂಥವರು ಆಗಲೂ ಜೊತೆಗಿದ್ದರು.

ಲೆಸ್ಟರ್‌ಶೈರ್ ಈಗಲೂ ಸದಸ್ಯರ ಒಡೆತನದ ಕ್ಲಬ್. 2025ರಲ್ಲಿ ಹಂಡ್ರೆಡ್ ತಂಡಗಳ ಪಾಲು ಮಾರಿ ಬಂದ ಹಣದಲ್ಲಿ ಕೌಂಟಿಗಳಿಗೂ ಪಾಲಿದೆ. ಆ ದುಡ್ಡು ಅಕಾಡೆಮಿಗೆ, ಪಿಚ್‌ಗೆ, ಲೆಸ್ಟರ್‌ನ ಬೀದಿಗಳಲ್ಲಿ ಆಡುವ ಭಾರತೀಯ ಮೂಲದ ಮಕ್ಕಳಿಗೆ ತಲುಪಬೇಕಾದರೆ ವಾರ್ಷಿಕ ಸಭೆಯಲ್ಲಿ ಕೈ ಎತ್ತಿ ಕೇಳುವವರು ಬೇಕು. ಈ ಊರಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ನನ್ನ ಕೋರಿಕೆ ಇಷ್ಟೇ: ಭಾರತ ತಂಡ ಬಂದಾಗ ಮಾತ್ರ ಟಿಕೆಟ್ ಹುಡುಕಬೇಡಿ. ಸದಸ್ಯತ್ವ ಪಡೆಯಿರಿ, ಮಕ್ಕಳನ್ನು ಕರೆದುಕೊಂಡು ಆಗಸ್ಟ್‌ನಲ್ಲಿ ಬನ್ನಿ. ನಾಳೆ ಟೆಸ್ಟ್ ಆಡುವವರು ಇವತ್ತು ಗ್ರೇಸ್ ರೋಡಿನಲ್ಲಿ ಆಡುತ್ತಿದ್ದಾರೆ, ಅವರಿಗೆ ನಮ್ಮ ಬೆಂಬಲ ಬೇಕಾಗಿರುವುದು ಈಗ.