ಮುನ್ನಾದಿನದ ಮತದಾನ: 1962ರ ಲೋಕಸಭಾ ಚುನಾವಣೆ ಮತ್ತು ಉತ್ತರ ಕನ್ನಡ

‘ಯುದ್ಧದ ಮುನ್ನಾದಿನ’ ಎಂಬ ಪದಪುಂಜವು ಚರಿತ್ರೆಕಾರನದೇ ಹೊರತು ಆ ದಿನವನ್ನು ಬದುಕಿದವರದಲ್ಲ. ಕುಮಾರವ್ಯಾಸನ ಉದ್ಯೋಗಪರ್ವದಲ್ಲಿ ಸಂಧಿಗೆ ಹೊರಟ ಕೃಷ್ಣನಿಗೂ ಜನ್ಮರಹಸ್ಯವನ್ನು ಅರಿತ ಕರ್ಣನಿಗೂ ಮುಂದಿನದು ಗೊತ್ತಿದೆ. 1962ರ ಫೆಬ್ರವರಿಯಲ್ಲಿ ಮೂರನೆಯ ಲೋಕಸಭೆಗೆ ಮತ ನೀಡಿದವರಿಗೆ ಅಕ್ಟೋಬರಿನ ಚೀನಾ ಯುದ್ಧ ಹೀಗೆ ಗೋಚರವಾಗಿತ್ತೆ? ಉತ್ತರ ಕನ್ನಡದ ನೆಲೆಯಿಂದ ಕೇಳಿದಾಗ ಈ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ. ಏಕೆಂದರೆ ಈ ಜಿಲ್ಲೆಯ ಕಣ್ಣ ಮುಂದೆ ಆಗಷ್ಟೇ ಮುಗಿದ ಬೇರೊಂದು ಯುದ್ಧವಿತ್ತು.

1961ರ ನವೆಂಬರಿನಲ್ಲಿ ಕಾರವಾರದ ಎದುರಿನ ಅಂಜದೀವ ದ್ವೀಪದಿಂದ ಪೋರ್ಚುಗೀಸರು ಭಾರತೀಯ ಹಡಗಿನ ಮೇಲೂ ಮೀನುಗಾರರ ಮೇಲೂ ಗುಂಡು ಹಾರಿಸಿದರು. ಡಿಸೆಂಬರಿನಲ್ಲಿ ಗೋವಾ ಭಾರತಕ್ಕೆ ಸೇರಿತು. ಅಂಜದೀವವನ್ನು ವಶಪಡಿಸಿಕೊಳ್ಳುವಲ್ಲಿ ನಮ್ಮ ನಾವಿಕರು ಪ್ರಾಣ ತೆತ್ತರು. ಎರಡು ತಿಂಗಳ ತರುವಾಯ ಚುನಾವಣೆ. ಸಮೀಪದ ಗೆಲುವು ದೂರದ ಅಪಾಯವನ್ನು ಮರೆಮಾಡಿರಬಹುದೆಂಬ ಊಹೆ ಅಸಂಗತವಲ್ಲ.

ಹಾಗೆಂದು ಅಪಾಯವು ಗುಟ್ಟಾಗಿತ್ತೆಂದು ಹೇಳಲಾಗದು. 1959ರ ಲೋಂಗ್ಜು ಮತ್ತು ಕೊಂಗ್ಕಾ ಘರ್ಷಣೆಗಳು ಬಹಿರಂಗವಾಗಿದ್ದವು. ಸರಕಾರವೇ ಶ್ವೇತಪತ್ರಗಳನ್ನು ಪ್ರಕಟಿಸಿತ್ತು. ಉತ್ತರ ಮುಂಬಯಿ ಕ್ಷೇತ್ರದಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಅವರ ಎದುರು ಆಚಾರ್ಯ ಕೃಪಲಾನಿ ನಿಂತಾಗ ಚೀನಾ ನೀತಿಯೇ ಚರ್ಚೆಯ ವಸ್ತುವಾಯಿತು. ಮತದಾರರು ಮೆನನ್ ಅವರನ್ನು ಭಾರೀ ಅಂತರದಿಂದ ಗೆಲ್ಲಿಸಿದರು. ಕಾಂಗ್ರೆಸ್ಸಿಗೆ ಒಟ್ಟು 361 ಸ್ಥಾನಗಳು ದೊರೆತವು. ಆದ್ದರಿಂದ ‘ಜನರಿಗೆ ತಿಳಿದಿರಲಿಲ್ಲ’ ಎಂಬ ಸಮಜಾಯಿಷಿ ಅರ್ಧಸತ್ಯವಷ್ಟೇ. ತಿಳಿದದ್ದನ್ನು ಅವರು ನಂಬಲಿಲ್ಲ ಎನ್ನುವುದು ಹೆಚ್ಚು ಸರಿ.

ಕೆನರಾ ಕ್ಷೇತ್ರದಿಂದ ಜೋಕಿಂ ಆಳ್ವ ಮೂರನೆಯ ಬಾರಿ ಆಯ್ಕೆಯಾದರು. ಅವರು ಮುಂಬಯಿಯಲ್ಲಿ ನೆಲೆಸಿದ್ದ ಪತ್ರಕರ್ತರು. ಪತ್ನಿ ವಯಲೆಟ್ ಆಳ್ವ ಅದೇ ವರ್ಷ ರಾಜ್ಯಸಭೆಯ ಉಪಸಭಾಪತಿಯಾದರು. ಅಕ್ಟೋಬರ್ 20ರಂದು ಚೀನಾ ದಾಳಿ ಆರಂಭವಾಯಿತು. ಫೆಬ್ರವರಿಯಲ್ಲಿ ಗೆದ್ದ ಮೆನನ್ ನವೆಂಬರಿನ ಹೊತ್ತಿಗೆ ಸಚಿವ ಸಂಪುಟದಿಂದ ಹೊರಗಿದ್ದರು. ಸೋತ ಕೃಪಲಾನಿ ಉಪಚುನಾವಣೆಯಲ್ಲಿ ಗೆದ್ದು ಬಂದು 1963ರಲ್ಲಿ ಲೋಕಸಭೆಯ ಮೊದಲ ಅವಿಶ್ವಾಸ ನಿರ್ಣಯವನ್ನು ಮಂಡಿಸಿದರು.

1967ರಲ್ಲಿ ಕೆನರಾ ಕ್ಷೇತ್ರವು ಪಕ್ಷೇತರ ಅಭ್ಯರ್ಥಿ ದಿನಕರ ದೇಸಾಯಿಯವರನ್ನು ಆರಿಸಿತು. ಇದನ್ನು ಯುದ್ಧದ ಸೋಲಿಗೆ ಮತದಾರರು ನೀಡಿದ ತೀರ್ಪೆಂದು ಓದುವುದು ಆಕರ್ಷಕವಾದರೂ ಒಪ್ಪತಕ್ಕದ್ದಲ್ಲ. ದೇಸಾಯಿಯವರ ಬಲವಿದ್ದುದು ರೈತ ಚಳವಳಿಯಲ್ಲಿ, 1953ರಲ್ಲಿ ಸ್ಥಾಪಿಸಿದ ಕೆನರಾ ವೆಲ್ಫೇರ್ ಟ್ರಸ್ಟಿನ ಶಾಲೆಗಳಲ್ಲಿ. ಚುಟುಕಗಳ ಜನಪ್ರಿಯತೆಯನ್ನೂ ಇದಕ್ಕೆ ಸೇರಿಸಬಹುದು (ಸಾಹಿತ್ಯ ಚರಿತ್ರೆಗಳು ಅವರ ರಾಜಕಾರಣವನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುವುದು ವಿಷಾದಕರ).

ಹಿಮಾಲಯದ ಆ ಕಲಹದ ನಿಜವಾದ ಗುರುತು ಈ ಜಿಲ್ಲೆಗೆ ಬಂದದ್ದು ಮತಪೆಟ್ಟಿಗೆಯ ಮೂಲಕವಲ್ಲ. 1959ರ ನಂತರ ಆಶ್ರಯ ಅರಸಿ ಬಂದ ಟಿಬೆಟನ್ನರಿಗೆ 1966ರಲ್ಲಿ ಮುಂಡಗೋಡದಲ್ಲಿ ವಸಾಹತು ಸ್ಥಾಪನೆಯಾಯಿತು. ಇಂದೂರ ಇರುವುದು ಇದೇ ತಾಲೂಕಿನಲ್ಲಿ. ಭತ್ತದ ಸೀಮೆಯ ನೆರೆಯಲ್ಲಿ ಗಂದೇನ್ ಮತ್ತು ದ್ರೆಪುಂಗ್ ಮಠಗಳು ಮರುಹುಟ್ಟು ಪಡೆದವು. ಮರುವರ್ಷದ ಚುನಾವಣೆಯಲ್ಲಿ ಸ್ಥಳೀಯರು ಮತ ನೀಡಿದರು. ನಿರಾಶ್ರಿತರಾಗಿ ಬಂದವರಿಗೆ ಆ ಹಕ್ಕಿರಲಿಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದ ಟಿಬೆಟನ್ನರನ್ನು ಮತದಾರರ ಪಟ್ಟಿಗೆ ಸೇರಿಸಬೇಕೆಂದು ಚುನಾವಣಾ ಆಯೋಗ ಸೂಚಿಸಿದ್ದು 2014ರಲ್ಲಿ. ಅದರ ಹಿಂದೆ ಕರ್ನಾಟಕ ಉಚ್ಚ ನ್ಯಾಯಾಲಯದ 2013ರ ತೀರ್ಪಿತ್ತು.