ಡಾಸ್ ಕಂಪ್ಯೂಟರ್‌ಗೆ ಸರ್ವರ್ ಕಾಣದಿದ್ದರೆ: ತಂತಿಯಿಂದ ಪಾಸ್‌ವರ್ಡ್‌ವರೆಗೆ

ಸರ್ವರ್ ಬದಲಾದ ಮರುದಿನವೇ ಮೂಲೆಯಲ್ಲಿರುವ ಡಾಸ್ ಕಂಪ್ಯೂಟರ್ ಮುಷ್ಕರ ಹೂಡುತ್ತದೆ. ನಿನ್ನೆಯವರೆಗೂ ‘ಎಫ್’ ಡ್ರೈವ್ ಆಗಿ ಕಾಣುತ್ತಿದ್ದ ಸರ್ವರ್‌ನ ಫೋಲ್ಡರ್ ಇವತ್ತು ಇಲ್ಲ. ಕಪ್ಪು ಪರದೆಯ ಮೇಲೆ ‘ಎರರ್ 53’ ಎಂಬ ಒಂದು ಸಾಲು ಬಂದು ನಿಲ್ಲುತ್ತದೆ, ಅಷ್ಟೆ. ಹಳೆಯ ಸಿಎನ್‌ಸಿ ಯಂತ್ರಕ್ಕೆ ಪ್ರೋಗ್ರಾಂ ಕಳಿಸುವ ವರ್ಕ್‌ಶಾಪ್, ದುಬಾರಿ ಅಳತೆ ಉಪಕರಣವನ್ನು ಬಿಸಾಡಲಾಗದ ಪ್ರಯೋಗಾಲಯ, ಫಾಕ್ಸ್‌ಪ್ರೊದಲ್ಲೇ ಲೆಕ್ಕ ಇಡುವ ಅಂಗಡಿ ಇಂಥ ತೊಂದರೆಗೆ ಸಿಕ್ಕಿಕೊಳ್ಳುತ್ತವೆ. ‘ಹಳೇದಾಯ್ತು, ಕೆಟ್ಟುಹೋಗಿದೆ’ ಎಂದು ಕೈಚೆಲ್ಲುವುದು ಸುಲಭ. ಆದರೆ ಬಹಳ ಸಲ ಡಾಸ್ ಕಂಪ್ಯೂಟರ್ ಕೆಟ್ಟಿರುವುದೇ ಇಲ್ಲ. ಅದರ ಕರೆಗೆ ಓಗೊಡುವುದನ್ನು ಹೊಸ ಸರ್ವರ್ ಬೇಕೆಂದೇ ನಿಲ್ಲಿಸಿರುತ್ತದೆ.

ಕಾರಣ ಹೀಗಿದೆ. ಫೈಲ್ ಹಂಚಿಕೆಗೆ ಬಳಸುವ ಎಸ್‌ಎಂಬಿ ಪ್ರೋಟೋಕಾಲ್ ರೂಪುಗೊಂಡದ್ದು 1980ರ ದಶಕದ ಆರಂಭದಲ್ಲಿ, ಐಬಿಎಂ ಕಂಪನಿಯಲ್ಲಿ. ಡಾಸ್‌ಗೆ ಗೊತ್ತಿರುವುದು ಅದರ ಮೊದಲ ತಲೆಮಾರು ಮಾತ್ರ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹಾವಳಿ ಎಬ್ಬಿಸಿದ ವನ್ನಾಕ್ರೈ ಎಂಬ ಕುತಂತ್ರಾಂಶ ಹರಡಿದ್ದು ಇದೇ ಎಸ್‌ಎಂಬಿ 1ರ ವಿಂಡೋಸ್ ಆವೃತ್ತಿಯಲ್ಲಿದ್ದ ಲೋಪವನ್ನು ಹಿಡಿದು. ಅದೇ ವರ್ಷದ ವಿಂಡೋಸ್ 10ರ 1709 ಆವೃತ್ತಿಯಿಂದ ಎಸ್‌ಎಂಬಿ 1 ಸರ್ವರ್ ತಾನಾಗಿ ಇನ್‌ಸ್ಟಾಲ್ ಆಗುವುದಿಲ್ಲ. ಲಿನಕ್ಸ್‌ನಲ್ಲಿ ಇದೇ ಕೆಲಸ ಮಾಡುವ ಸಾಂಬಾ ಕೂಡ 2019ರ 4.11 ಆವೃತ್ತಿಯಲ್ಲಿ ಅದಕ್ಕೆ ಬಾಗಿಲು ಹಾಕಿತು. ಹಾಗೆಂದು ನೇರವಾಗಿ ಸರ್ವರ್‌ಗೆ ಕೈಹಾಕಬಾರದು. ಕೆಳಗಿನಿಂದ ಒಂದೊಂದೇ ಹಂತ ನೋಡುತ್ತ ಹೋದರೆ ತಪ್ಪು ಎಲ್ಲಿದೆ ಎಂಬುದು ಖಚಿತವಾಗುತ್ತದೆ. ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಡಾಸ್‌ಗಾಗಿ ಬಂದ ಮೈಕ್ರೋಸಾಫ್ಟ್ ನೆಟ್‌ವರ್ಕ್ ಕ್ಲೈಂಟ್ 3.0.

ಎಲ್ಲಕ್ಕೂ ಮೊದಲು ನಕಲು

ಹಳೆಯ ಹಾರ್ಡ್ ಡಿಸ್ಕ್ ಯಾವಾಗ ಕೈಕೊಡುತ್ತದೆಂದು ಹೇಳಲಾಗದು. ಡಿಸ್ಕ್ ಬಿಚ್ಚಿ, ಐಡಿಇ–ಯುಎಸ್‌ಬಿ ಅಡಾಪ್ಟರ್ ಮೂಲಕ ಬೇರೊಂದು ಕಂಪ್ಯೂಟರ್‌ಗೆ ಸೇರಿಸಿ ಇಡೀ ಡಿಸ್ಕ್‌ನ ಇಮೇಜ್ ತೆಗೆದಿಡಬೇಕು. ಅದು ಆಗದಿದ್ದರೆ ಕಾನ್ಫಿಗ್ ಡಾಟ್ ಸಿಸ್, ಆಟೊಎಕ್ಸೆಕ್ ಡಾಟ್ ಬ್ಯಾಟ್ ಮತ್ತು ‘ನೆಟ್’ ಡೈರೆಕ್ಟರಿಯಲ್ಲಿರುವ ಪ್ರೋಟೋಕಾಲ್ ಡಾಟ್ ಐಎನ್‌ಐ, ಸಿಸ್ಟಮ್ ಡಾಟ್ ಐಎನ್‌ಐ ಕಡತಗಳನ್ನಾದರೂ ಫ್ಲಾಪಿಗೆ ನಕಲು ಮಾಡಿಕೊಳ್ಳಬೇಕು. ಮುಂದೆ ಕೈಯಾಡಿಸುವುದು ಹೆಚ್ಚಾಗಿ ಈ ನಾಲ್ಕು ಕಡತಗಳ ಮೇಲೆಯೇ.

ಹಂತ 1: ತಂತಿ ಮತ್ತು ಕಾರ್ಡ್

ನೆಟ್‌ವರ್ಕ್ ಕಾರ್ಡ್‌ನ ಹಿಂಬದಿಯ ಹಸಿರು ದೀಪ ಉರಿಯುತ್ತಿದೆಯೇ ನೋಡಿ. ಹಳೆಯ ಕಾರ್ಡ್‌ಗಳ ವೇಗ ಸೆಕೆಂಡಿಗೆ 10 ಮೆಗಾಬಿಟ್. ಸಾಮಾನ್ಯ ಗಿಗಾಬಿಟ್ ಸ್ವಿಚ್‌ಗಳು ಇದಕ್ಕೆ ಹೊಂದಿಕೊಳ್ಳುತ್ತವೆ. ಆದರೆ 2.5 ಅಥವಾ 10 ಗಿಗಾಬಿಟ್‌ನ ಕೆಲವು ಹೊಸ ಪೋರ್ಟ್‌ಗಳು ಇಷ್ಟು ಕೆಳಗಿಳಿಯುವುದಿಲ್ಲ. ದೀಪ ಉರಿಯದಿದ್ದರೆ ಹಳೆಯ 10/100 ಸ್ವಿಚ್ ಒಂದನ್ನು ನಡುವೆ ಇಟ್ಟು ನೋಡಬೇಕು.

ಕಾರ್ಡ್ ಎನ್‌ಇ2000 ಮಾದರಿಯದಾಗಿದ್ದರೆ ಅದರ ಐಆರ್‌ಕ್ಯೂ ಸಾಮಾನ್ಯವಾಗಿ 3, ವಿಳಾಸ ಹೆಕ್ಸಾಡೆಸಿಮಲ್ 300. ಎರಡನೇ ಸೀರಿಯಲ್ ಪೋರ್ಟ್ ಆದ ಕಾಮ್ 2 ಕೂಡ ಐಆರ್‌ಕ್ಯೂ 3ನ್ನೇ ಕೇಳುತ್ತದೆ. ಯಂತ್ರಕ್ಕೆ ಸೀರಿಯಲ್ ಕೇಬಲ್ ಜೋಡಿಸಿರುವ ವರ್ಕ್‌ಶಾಪ್‌ಗಳಲ್ಲಿ ಈ ಜಗಳ ಮಾಮೂಲು: ಒಂದು ನಡೆದರೆ ಇನ್ನೊಂದು ನಿಲ್ಲುತ್ತದೆ. ಕಾರ್ಡ್‌ನ ಜಂಪರ್ ಬದಲಿಸಿ, ಇಲ್ಲವೇ ಅದರ ಸೆಟಪ್ ಪ್ರೋಗ್ರಾಂ ನಡೆಸಿ, ಐಆರ್‌ಕ್ಯೂವನ್ನು ಬಿಡುವಾಗಿರುವ 5 ಅಥವಾ 10ಕ್ಕೆ ಸರಿಸಬೇಕು. ಅದೇ ಸಂಖ್ಯೆಯನ್ನು ಪ್ರೋಟೋಕಾಲ್ ಡಾಟ್ ಐಎನ್‌ಐನಲ್ಲೂ ಬರೆಯಬೇಕು.

ಹಂತ 2: ಡ್ರೈವರ್ ಮತ್ತು ಮೆಮೊರಿ

ಕಂಪ್ಯೂಟರ್ ಆನ್ ಆಗುವಾಗ ಸರಸರನೆ ಹಾದುಹೋಗುವ ಸಾಲುಗಳಲ್ಲೇ ಸುಳಿವು ಇರುತ್ತದೆ. ಎಫ್8 ಒತ್ತಿದರೆ ಡಾಸ್ 6 ಪ್ರತಿ ಸಾಲಿಗೂ ಒಪ್ಪಿಗೆ ಕೇಳುತ್ತ ನಿಧಾನವಾಗಿ ಮುಂದುವರಿಯುತ್ತದೆ. ‘ನೆಟ್‌ಬೈಂಡ್’ ಸಾಲಿನ ಬಳಿ ‘ಎರರ್ 33’ ಬಂದರೆ ಡ್ರೈವರ್ ಮತ್ತು ಕಾರ್ಡ್ ಒಂದಕ್ಕೊಂದು ಸೇರಿಲ್ಲ ಎಂದರ್ಥ. ಆಗ ಹಂತ 1ರ ಸಂಖ್ಯೆಗಳನ್ನು ಮತ್ತೆ ತಾಳೆ ನೋಡಬೇಕು.

ಎಲ್ಲವೂ ಲೋಡ್ ಆಗಿ, ಆಮೇಲೆ ಮುಖ್ಯ ಪ್ರೋಗ್ರಾಂ ‘ಮೆಮೊರಿ ಸಾಲದು’ ಎಂದರೆ 640 ಕಿಲೋಬೈಟ್‌ನ ಮಿತಿ ಅಡ್ಡ ಬಂದಿದೆ. ಟಿಸಿಪಿ/ಐಪಿ ಆ ಜಾಗದಲ್ಲಿ ದೊಡ್ಡ ಪಾಲನ್ನೇ ತಿನ್ನುತ್ತದೆ. ‘ಮೆಮ್’ ಆಜ್ಞೆಯ ಮುಂದೆ ಓರೆಗೆರೆ ಮತ್ತು ‘ಸಿ’ ಸೇರಿಸಿದರೆ ಯಾರು ಎಷ್ಟು ಹಿಡಿದಿದ್ದಾರೆ ಎಂಬ ಪಟ್ಟಿ ಸಿಗುತ್ತದೆ. ಡೊಮೈನ್‌ಗೆ ಲಾಗಾನ್ ಆಗುವ ಅಗತ್ಯವಿಲ್ಲದಿದ್ದರೆ ‘ಫುಲ್’ ರೀಡೈರೆಕ್ಟರ್ ಬಿಟ್ಟು ‘ಬೇಸಿಕ್’ ಬಳಸಬಹುದು. ಜಾಗ ಉಳಿಯುತ್ತದೆ, ಫೈಲ್ ಹಂಚಿಕೆಗೆ ಅಷ್ಟು ಸಾಕು.

ಹಂತ 3: ವಿಳಾಸ

ಅನುಭವಸ್ಥರೂ ಮುಗ್ಗರಿಸುವ ಜಾಗ ಇದು. ಪ್ರೋಟೋಕಾಲ್ ಡಾಟ್ ಐಎನ್‌ಐನಲ್ಲಿ ಐಪಿ ವಿಳಾಸದ ಅಂಕಿಗಳ ನಡುವೆ ಚುಕ್ಕೆ ಹಾಕುವಂತಿಲ್ಲ, ಖಾಲಿ ಜಾಗ ಬಿಡಬೇಕು: ‘192 168 1 50’. ಸಬ್‌ನೆಟ್ ಮಾಸ್ಕ್, ಗೇಟ್‌ವೇ ಸಾಲುಗಳಿಗೂ ಇದೇ ನಿಯಮ. ಸ್ಥಿರ ವಿಳಾಸ ಕೊಡುವುದಾದರೆ ‘ಡಿಸೇಬಲ್ ಡಿಎಚ್‌ಸಿಪಿ’ ಎಂಬ ಸಾಲಿನ ಬೆಲೆ 1 ಇರಬೇಕು. ಬಳಿಕ ಸರ್ವರ್‌ನ ಐಪಿಗೆ ಪಿಂಗ್ ಮಾಡಿ. ಉತ್ತರ ಬಂದರೆ ತಂತಿ, ಕಾರ್ಡ್, ಡ್ರೈವರ್ ಮೂರೂ ನಿರ್ದೋಷಿ ಎಂದಾಯಿತು.

ಹಂತ 4: ಹೆಸರು

ಪಿಂಗ್‌ಗೆ ಉತ್ತರ ಬರುತ್ತದೆ, ಆದರೂ ‘ನೆಟ್ ಯೂಸ್’ ಆಜ್ಞೆ ಕೊಟ್ಟರೆ ಎರರ್ 53. ಸರ್ವರ್‌ನ ಹೆಸರು ಡಾಸ್‌ಗೆ ಗೊತ್ತಾಗುತ್ತಿಲ್ಲ ಎಂದು ಇದರ ಅರ್ಥ. ಈ ಕ್ಲೈಂಟ್ ಹುಡುಕುವುದು ನೆಟ್‌ಬಯೋಸ್ ಹೆಸರನ್ನು, ಸಂಪರ್ಕಿಸುವುದು 139ನೇ ಪೋರ್ಟನ್ನು. ಈಗಿನ ಸರ್ವರ್‌ಗಳು ಮಾತಾಡುವುದು 445ರಲ್ಲಿ. ಆದ್ದರಿಂದ ಸರ್ವರ್‌ನಲ್ಲಿ ನೆಟ್‌ಬಯೋಸ್ ಚಾಲೂ ಇರಬೇಕು, ಫೈರ್‌ವಾಲ್ 139ನ್ನು ತಡೆಯುತ್ತಿರಬಾರದು. ಹೆಸರು 15 ಅಕ್ಷರ ಮೀರುವಂತಿಲ್ಲ.

ಇಷ್ಟಾದರೂ ಸಿಗದಿದ್ದರೆ ‘ನೆಟ್’ ಡೈರೆಕ್ಟರಿಯಲ್ಲಿ ‘ಎಲ್‌ಎಂಹೋಸ್ಟ್ಸ್’ ಎಂಬ ಕಡತ ಮಾಡಿ, ಸರ್ವರ್‌ನ ಐಪಿ ಮತ್ತು ಹೆಸರನ್ನು ಒಂದೇ ಸಾಲಿನಲ್ಲಿ ಬರೆಯಬೇಕು. ಈ ಕಡತದಲ್ಲಿ ಮಾತ್ರ ವಿಳಾಸಕ್ಕೆ ಚುಕ್ಕೆ ಬೇಕು. ಎರರ್ 67 ಬಂದರೆ ಸರ್ವರ್ ಸಿಕ್ಕಿದೆ, ಹಂಚಿದ ಫೋಲ್ಡರ್‌ನ ಹೆಸರು ಸಿಕ್ಕಿಲ್ಲ. ಫೋಲ್ಡರ್‌ಗೆ ಎಂಟು ಅಕ್ಷರದೊಳಗಿನ, ನಡುವೆ ಜಾಗವಿಲ್ಲದ ಹೆಸರಿಡುವುದು ಒಳ್ಳೆಯದು.

ಹಂತ 5: ಪಾಸ್‌ವರ್ಡ್

ಎರರ್ 5 ಎಂದರೆ ಪ್ರವೇಶ ನಿರಾಕರಣೆ. ಡಾಸ್ ಬಳಸುವ ಲ್ಯಾನ್ ಮ್ಯಾನೇಜರ್ ಪದ್ಧತಿಯಲ್ಲಿ ಪಾಸ್‌ವರ್ಡ್ 14 ಅಕ್ಷರ ದಾಟುವುದಿಲ್ಲ. ಅದನ್ನು ಪೂರ್ತಿ ದೊಡ್ಡಕ್ಷರಕ್ಕೆ ತಿರುಗಿಸಿ, ಏಳೇಳು ಅಕ್ಷರದ ಎರಡು ತುಂಡು ಮಾಡಿ ಸಂಕೇತಿಸಲಾಗುತ್ತದೆ. ಈ ತುಂಡುಗಳನ್ನು ಭೇದಿಸುವುದು ಇವತ್ತಿನ ಕಂಪ್ಯೂಟರ್‌ಗೆ ಕಷ್ಟವಲ್ಲ, ಹಾಗಾಗಿಯೇ ಹೊಸ ಸರ್ವರ್‌ಗಳು ಇದನ್ನು ಒಪ್ಪುವುದಿಲ್ಲ. ಡಾಸ್‌ಗೆಂದೇ ಬೇರೆ ಖಾತೆ, ಬೇರೆಲ್ಲೂ ಬಳಸದ ಪಾಸ್‌ವರ್ಡ್ ಇರಲಿ. ಪಾಸ್‌ವರ್ಡ್ ಬದಲಿಸಿದ ಮೇಲೂ ತಕರಾರು ಮುಂದುವರಿದರೆ ‘ನೆಟ್’ ಡೈರೆಕ್ಟರಿಯಲ್ಲಿ ‘ಪಿಡಬ್ಲ್ಯುಎಲ್’ ಎಂದು ಕೊನೆಗೊಳ್ಳುವ ಕಡತವನ್ನು ಅಳಿಸಬೇಕು. ಹಳೆಯ ಪಾಸ್‌ವರ್ಡ್ ಅದರಲ್ಲಿ ಕೂತಿರುತ್ತದೆ.

ಹಂತ 6: ನಡುವೆ ಒಬ್ಬ ದುಭಾಷಿ

ಒಂದು ಡಾಸ್ ಕಂಪ್ಯೂಟರ್‌ಗಾಗಿ ಇಡೀ ಆಫೀಸಿನ ಸರ್ವರ್‌ನಲ್ಲಿ ಎಸ್‌ಎಂಬಿ 1 ತೆರೆಯುವುದು ಅಪಾಯಕಾರಿ. ಅದರ ಬದಲು ಎರಡು ನೆಟ್‌ವರ್ಕ್ ಪೋರ್ಟ್ ಇರುವ ಸಣ್ಣ ಲಿನಕ್ಸ್ ಪೆಟ್ಟಿಗೆಯೊಂದನ್ನು ನಡುವೆ ಇಡಬೇಕು. ಒಂದು ಪೋರ್ಟ್ ಡಾಸ್ ಕಡೆಗೆ, ಇನ್ನೊಂದು ಆಫೀಸಿನ ಕಡೆಗೆ. ಈ ಕೆಲಸಕ್ಕೆ ಸಾಂಬಾ ಹೇಳಿ ಮಾಡಿಸಿದಂತಿದೆ. ಆಂಡ್ರ್ಯೂ ಟ್ರಿಜೆಲ್ 1990ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಅದನ್ನು ಬರೆಯಲು ತೊಡಗಿದ್ದೇ ತಮ್ಮ ಡಾಸ್ ಪಿಸಿಗೆ ಯೂನಿಕ್ಸ್ ಸರ್ವರ್‌ನ ಡಿಸ್ಕ್ ಸಿಗಲಿ ಎಂದು.

ಸಾಂಬಾದ ಸೆಟ್ಟಿಂಗ್ ಕಡತದಲ್ಲಿ ‘ಸರ್ವರ್ ಮಿನ್ ಪ್ರೋಟೋಕಾಲ್’ ಅನ್ನು ‘ಲ್ಯಾನ್‌ಮ್ಯಾನ್1’ಕ್ಕೆ ಇಳಿಸಿ, ‘ಲ್ಯಾನ್‌ಮ್ಯಾನ್ ಆತ್’ ಮತ್ತು ‘ಎನ್‌ಟಿಎಲ್‌ಎಂ ಆತ್’ ಎರಡಕ್ಕೂ ‘ಯೆಸ್’ ಕೊಡಬೇಕು. ಆಮೇಲೆ ಬಳಕೆದಾರರ ಸಾಂಬಾ ಪಾಸ್‌ವರ್ಡನ್ನು ಹೊಸದಾಗಿ ಹಾಕಲೇಬೇಕು. ಹಿಂದೆ ಹಾಕಿದ್ದ ಪಾಸ್‌ವರ್ಡ್‌ಗೆ ಹಳೆಯ ಪದ್ಧತಿಯ ಸಂಕೇತ ಉಳಿದಿರುವುದಿಲ್ಲ, ಎರರ್ 5 ಮತ್ತೆ ಬರುತ್ತದೆ. ‘ಇಂಟರ್‌ಫೇಸಸ್’ ಸಾಲಿನಲ್ಲಿ ಡಾಸ್ ಕಡೆಯ ಪೋರ್ಟನ್ನು ಮಾತ್ರ ನಮೂದಿಸಿ ‘ಬೈಂಡ್ ಇಂಟರ್‌ಫೇಸಸ್ ಓನ್ಲಿ’ಗೆ ‘ಯೆಸ್’ ಎಂದರೆ ಹಳೆಯ ಪ್ರೋಟೋಕಾಲ್ ಆಫೀಸಿನ ಕಡೆ ಇಣುಕುವುದಿಲ್ಲ. ಈ ಪೆಟ್ಟಿಗೆಯಿಂದ ಮುಖ್ಯ ಸರ್ವರ್‌ಗೆ ಫೈಲ್ ಸಾಗಿಸಲು ಆರ್‌ಸಿಂಕ್ ಸಾಕು. ನೂರಾರು ಗಿಗಾಬೈಟ್ ಖಾಲಿ ಇದ್ದರೂ ಡಾಸ್ ಪ್ರೋಗ್ರಾಂ ‘ಡಿಸ್ಕ್ ತುಂಬಿದೆ’ ಎಂದರೆ ಗಾಬರಿ ಬೇಡ. ಅಷ್ಟು ದೊಡ್ಡ ಸಂಖ್ಯೆಯ ಲೆಕ್ಕ ಅದಕ್ಕೆ ಬರುವುದಿಲ್ಲ. ‘ಮ್ಯಾಕ್ಸ್ ಡಿಸ್ಕ್ ಸೈಜ್’ 1000 ಎಂದು ಕೊಟ್ಟರೆ ಸಾಂಬಾ ಡಿಸ್ಕನ್ನು ಸಾವಿರ ಮೆಗಾಬೈಟ್‌ನದೆಂದೇ ತೋರಿಸುತ್ತದೆ.

ಡ್ರೈವ್ ಅಕ್ಷರವೇ ಬೇಡವಾದರೆ

ಫೈಲ್ ಆಚೀಚೆ ಸಾಗಿದರೆ ಸಾಕು ಎನ್ನುವವರಿಗೆ ಮೈಕಲ್ ಬ್ರಟ್‌ಮನ್ ರೂಪಿಸಿರುವ ಎಂಟಿಸಿಪಿ ಎಂಬ ಉಚಿತ ತಂತ್ರಾಂಶಗಳ ಕಟ್ಟು ಇದೆ. ಮೊದಲ ತಲೆಮಾರಿನ ಐಬಿಎಂ ಪಿಸಿಯ ಮೇಲೂ ಓಡುವಷ್ಟು ಹಗುರ. ಅದರಲ್ಲಿರುವ ಎಫ್‌ಟಿಪಿ ಸರ್ವರನ್ನು ಡಾಸ್‌ನಲ್ಲಿ ನಡೆಸಿ, ವಿಂಡೋಸ್‌ನಿಂದ ಫೈಲ್‌ಜಿಲ್ಲಾ ಮೂಲಕ ಫೈಲ್ ಎಳೆದುಕೊಳ್ಳಬಹುದು. ಇದಕ್ಕೆ ಪ್ಯಾಕೆಟ್ ಡ್ರೈವರ್ ಬೇಕು. ಮೈಕ್ರೋಸಾಫ್ಟ್ ಕ್ಲೈಂಟ್‌ನ ಡ್ರೈವರ್ ಜೊತೆ ಅದು ಒಂದೇ ಕಾರ್ಡನ್ನು ನೇರವಾಗಿ ಹಂಚಿಕೊಳ್ಳುವುದಿಲ್ಲವಾದ್ದರಿಂದ, ಕಾನ್ಫಿಗ್ ಡಾಟ್ ಸಿಸ್‌ನಲ್ಲಿ ಎರಡು ಆಯ್ಕೆಯ ಬೂಟ್ ಮೆನು ಬರೆದುಕೊಂಡರೆ ಅನುಕೂಲ. ಫೈಲ್ ಕಳಿಸುವಾಗ ‘ಬೈನರಿ’ ವಿಧಾನ ಆಯ್ದಿರಬೇಕು. ‘ಆಸ್ಕಿ’ ವಿಧಾನದಲ್ಲಿ ಸಾಲಿನ ಕೊನೆಯ ಗುರುತುಗಳು ಬದಲಾಗಿ ಡೇಟಾ ಕಡತ ಕೆಡಬಹುದು.

ಯಾವ ದಾರಿ ಹಿಡಿದರೂ ಮೂಲ ಫೈಲನ್ನು ಕೂಡಲೇ ಅಳಿಸಬಾರದು. ಸರ್ವರ್‌ಗೆ ಹೋದ ಪ್ರತಿಯನ್ನು ಡಾಸ್‌ಗೆ ಬೇರೆ ಹೆಸರಿನಲ್ಲಿ ವಾಪಸ್ ತಂದು, ‘ಎಫ್‌ಸಿ’ ಆಜ್ಞೆಗೆ ಓರೆಗೆರೆ ಮತ್ತು ‘ಬಿ’ ಸೇರಿಸಿ ಎರಡನ್ನೂ ಹೋಲಿಸಬೇಕು. ವ್ಯತ್ಯಾಸವಿಲ್ಲ ಎಂದು ಪರದೆ ಹೇಳಿದ ಮೇಲೆ ಡಾಸ್ ಡಿಸ್ಕ್‌ನಲ್ಲಿ ಜಾಗ ತೆರವು ಮಾಡಬಹುದು.